ಡಿಸ್ಕ್ ಸತ್ತಿಲ್ಲ, ಬೋರ್ಡ್ ಮರೆತಿದೆ

ಸಿರಸಿ–ಯಲ್ಲಾಪುರ ರಸ್ತೆಯ ಮಂಚಿಕೇರಿ ಆಸುಪಾಸಿನ ಮನೆಗಳಲ್ಲಿ ಗುಡುಗು ಕೇಳಿದ್ದೇ ತಡ, ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕೀಳುತ್ತಾರೆ. ಸಿಡಿಲಿನ ಊರಿನಲ್ಲಿ ಅದೇ ಸರಿ. ಮಳೆ ಹಿಡಿದು ಮರ ಬಿದ್ದರೆ ಕರೆಂಟು ದಿನಗಟ್ಟಲೆ ಬರುವುದಿಲ್ಲ. ಬಂದ ಮೇಲೆ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಆದರೆ ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಒಂದು ಸಾಲು ಬಂದು ನಿಲ್ಲುತ್ತದೆ. “ಹಾರ್ಡ್‌ಡಿಸ್ಕ್ ಹೋಯ್ತು ಮಾರಾಯ, ಫಾರ್ಮ್ಯಾಟ್ ಹೊಡಿಸ್ಬೇಕು” ಎಂದು ಯಾರೋ ಹೇಳಿಬಿಡುತ್ತಾರೆ. ತೋಟದ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪಿಸಿದ ನಾಟಕದ ಪ್ರತಿ, ಮದುವೆಯ ಫೋಟೊ ಎಲ್ಲ ಆ ಡಿಸ್ಕಿನಲ್ಲೇ ಇರುತ್ತವೆ. ಫಾರ್ಮ್ಯಾಟ್ ಮಾತು ಎತ್ತುವ ಮೊದಲು, ಪೆಟ್ಟಿಗೆಯೊಳಗೆ ಮೊದಲ ಕೆಲವು ಸೆಕೆಂಡುಗಳಲ್ಲಿ ಏನಾಗುತ್ತದೆಂದು ತಿಳಿಯುವುದು ಒಳ್ಳೆಯದು.

ಕರೆಂಟು ತಾಗಿದಾಗ ಪ್ರೊಸೆಸರಿಗೆ ವಿಂಡೋಸ್ ಗೊತ್ತಿಲ್ಲ, ಡಿಸ್ಕ್ ಎಲ್ಲಿದೆ ಎನ್ನುವುದೂ ಗೊತ್ತಿಲ್ಲ. ಅದು ಮೊದಲು ಓದುವುದು ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶವನ್ನು. ಹಳೆಯ ಬೋರ್ಡುಗಳಲ್ಲಿ ಅದು ಬಯೋಸ್, ಈಚಿನವುಗಳಲ್ಲಿ ಯುಇಎಫ್‌ಐ. ಅದು ರ‍್ಯಾಮ್, ಕೀಬೋರ್ಡ್, ಡಿಸ್ಕುಗಳನ್ನು ಒಂದೊಂದಾಗಿ ಪರೀಕ್ಷಿಸಿ, ತನ್ನ ಪಟ್ಟಿಯಲ್ಲಿರುವ ಕ್ರಮದಂತೆ ‘ಇಲ್ಲಿ ಕಾರ್ಯಾಚರಣಾ ವ್ಯವಸ್ಥೆ ಇದೆಯೇ’ ಎಂದು ಹುಡುಕುತ್ತದೆ.

ಹುಡುಕುವ ವಿಧಾನ ಎರಡು. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟುಗಳನ್ನು ಓದಲಾಗುತ್ತದೆ. ಇದೇ ಎಂಬಿಆರ್. ಅದರಲ್ಲಿ 446 ಬೈಟು ಆರಂಭದ ಕೋಡಿಗೆ, 64 ಬೈಟು ನಾಲ್ಕು ವಿಭಾಗಗಳ ಪಟ್ಟಿಗೆ, ಕೊನೆಯ 2 ಬೈಟು ಗುರುತಿನ ಮೊಹರಿಗೆ ಮೀಸಲು. ಹೊಸ ಪದ್ಧತಿಯಲ್ಲಿ ಡಿಸ್ಕನ್ನು ಜಿಪಿಟಿ ಎಂಬ ಬೇರೆ ನಕ್ಷೆಯಂತೆ ವಿಭಾಗಿಸಿ, ಒಂದು ಸಣ್ಣ ವಿಭಾಗದಲ್ಲಿ ಆರಂಭದ ಕಡತಗಳನ್ನು ಇಡುತ್ತಾರೆ. ಒಂದು ಪದ್ಧತಿಯಲ್ಲಿ ವಿಂಡೋಸ್ ಹಾಕಿ, ಬೋರ್ಡನ್ನು ಇನ್ನೊಂದು ಪದ್ಧತಿಗೆ ಇಟ್ಟರೆ ಡಿಸ್ಕ್ ಎಷ್ಟೇ ಗಟ್ಟಿಯಿದ್ದರೂ ಅದರ ಮೇಲಿನ ವ್ಯವಸ್ಥೆ ಬೋರ್ಡಿನ ಕಣ್ಣಿಗೆ ಬೀಳುವುದಿಲ್ಲ. ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಕಿರೀಟ ಕಟ್ಟಿ ಕುಳಿತೇ ಇದ್ದಾನೆ, ಭಾಗವತರು ಬೇರೆ ಪ್ರಸಂಗದ ಪುಸ್ತಕ ತೆರೆದಿದ್ದಾರೆ.

ಬೋರ್ಡು ಪುಸ್ತಕ ಬದಲಿಸುವುದಕ್ಕೆ ಮಲೆನಾಡಿನಲ್ಲಿ ಒಂದು ವಿಶೇಷ ಕಾರಣವಿದೆ. ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಲಿಥಿಯಂ ಸೆಲ್ ಇರುತ್ತದೆ. ಸಾಮಾನ್ಯವಾಗಿ ಅದು ಸಿಆರ್2032: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, 3 ವೋಲ್ಟ್. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಗಡಿಯಾರವನ್ನು, ಯಂತ್ರ ಆಫ್ ಆಗಿದ್ದಾಗ, ನಡೆಸುವುದು ಇದೇ. 1984ರ ಐಬಿಎಂ ಪಿಸಿ/ಎಟಿ ಯಂತ್ರದಿಂದಲೂ ಗಡಿಯಾರದ ಜೊತೆಗೆ ಸೆಟ್ಟಿಂಗುಗಳನ್ನೂ ಬ್ಯಾಟರಿಯ ಬಲದಲ್ಲಿ ಕಾಯ್ದುಕೊಳ್ಳುವ ರೂಢಿ ಬಂದಿದೆ. ಈಚಿನ ಬೋರ್ಡುಗಳು ಬಹುಪಾಲು ಸೆಟ್ಟಿಂಗನ್ನು ಫ್ಲ್ಯಾಶ್ ಚಿಪ್ಪಿನಲ್ಲೇ ಇಡುತ್ತವೆ. ಆದರೂ ಸೆಲ್ ಬರಿದಾದರೆ ಅನೇಕ ಬೋರ್ಡುಗಳು ಕಾರ್ಖಾನೆಯ ಮೂಲ ಸೆಟ್ಟಿಂಗಿಗೆ ಮರಳಿಬಿಡುತ್ತವೆ.

ಪ್ಲಗ್ ಹಾಕಿಯೇ ಇದ್ದು ಸ್ವಿಚ್ ಆನ್ ಇದ್ದರೆ, ಕಂಪ್ಯೂಟರ್ ಆಫ್ ಮಾಡಿದ್ದಾಗಲೂ ಪವರ್ ಸಪ್ಲೈಯಿಂದ 5 ವೋಲ್ಟಿನ ಕಾವಲು ವಿದ್ಯುತ್ ಬೋರ್ಡಿಗೆ ಹರಿಯುತ್ತಿರುತ್ತದೆ. ಆಗ ಸೆಲ್ಲಿಗೆ ಹೆಚ್ಚಿನ ಕೆಲಸವಿಲ್ಲ. ಪ್ಲಗ್ ಕಿತ್ತರೆ, ಕರೆಂಟು ಹೋದರೆ, ಗಡಿಯಾರದ ಭಾರವೆಲ್ಲ ಸೆಲ್ಲಿನ ಮೇಲೆ. ಹಾಗಾಗಿ ಬೆಂಗಳೂರಿನ ಫ್ಲ್ಯಾಟಿಗಿಂತ ಮಂಚಿಕೇರಿಯ ತೋಟದ ಮನೆಯಲ್ಲಿ ಅದು ಬೇಗ ಮುಗಿಯುವುದು ಸಹಜ. ಬ್ರ್ಯಾಂಡೆಡ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೂಲ ಸೆಟ್ಟಿಂಗಿಗೆ ಹೊಂದುವಂತೆಯೇ ವಿಂಡೋಸ್ ಹಾಕಿರುತ್ತಾರೆ, ಮರೆತರೂ ನಡೆಯುತ್ತದೆ. ಅಸೆಂಬಲ್ ಮಾಡಿಸಿದ ಯಂತ್ರದಲ್ಲಿ ಜೋಡಿಸಿದವರು ಕೈಯಾರೆ ಬದಲಿಸಿದ ಸೆಟ್ಟಿಂಗ್ ಇರಬಹುದು. ಅದು ಅಳಿಸಿಹೋದರೆ ಯಂತ್ರ ನಿಲ್ಲುತ್ತದೆ.

ಸೆಲ್ ಸಾಯುವ ಮುನ್ಸೂಚನೆಯೂ ಸಿಗುತ್ತದೆ. ಆನ್ ಮಾಡಿದಾಗ ದಿನಾಂಕ ಯಾವುದೋ ಹಳೆಯ ವರ್ಷಕ್ಕೆ ಹೋಗಿರುತ್ತದೆ. ಬ್ಯಾಂಕಿನ ಜಾಲತಾಣ ‘ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತದೆ. ತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭ, ಅಂತ್ಯದ ತಾರೀಕು ಇರುವುದರಿಂದ, ಹಿಂದೆ ಬಿದ್ದ ಗಡಿಯಾರಕ್ಕೆ ಅದು ಇನ್ನೂ ಹುಟ್ಟದ ಪತ್ರದಂತೆ ಕಾಣುತ್ತದೆ.

ಪತ್ತೆ ಕೆಲಸ ಒಂದೇ ಪ್ರಶ್ನೆಯಿಂದ ಶುರು: ಬೋರ್ಡಿಗೆ ಡಿಸ್ಕ್ ಕಾಣುತ್ತಿದೆಯೇ? ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತಿದ್ದರೆ ಬಹುತೇಕ ಬೋರ್ಡುಗಳಲ್ಲಿ ಸೆಟ್ಟಿಂಗ್ ಪುಟ ತೆರೆಯುತ್ತದೆ.

ಡಿಸ್ಕಿನ ಹೆಸರು ಅಲ್ಲಿದ್ದರೆ ಅರ್ಧ ಭಯ ಬಿಡಬಹುದು. ದಿನಾಂಕ ನೋಡಿ, ತಪ್ಪಿದ್ದರೆ ಸೆಲ್ ಬದಲಿಸಿ. ಬಳಿಕ ಬೂಟ್ ಕ್ರಮದಲ್ಲಿ ಆ ಡಿಸ್ಕ್ ಮೊದಲಿದೆಯೇ, ಹಳೆಯ ಎಂಬಿಆರ್ ಡಿಸ್ಕಾಗಿದ್ದರೆ ಹಳೆಯ ಪದ್ಧತಿಯನ್ನು ಒಪ್ಪುವ ಲೆಗಸಿ ಅಥವಾ ಸಿಎಸ್‌ಎಂ ಆನ್ ಇದೆಯೇ, ಡಿಸ್ಕ್ ಜೋಡಣೆಯ ಸಾಟಾ ಮೋಡ್ ಮೊದಲಿದ್ದಂತೆ ಎಎಚ್‌ಸಿಐ ಅಥವಾ ರೇಡ್‌ನಲ್ಲೇ ಇದೆಯೇ ಪರೀಕ್ಷಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿಸಿ, ಮತ್ತೆ ಆನ್ ಮಾಡಿ ನೋಡಿ. ನಾಲ್ಕನ್ನು ಒಟ್ಟಿಗೆ ತಿರುಚಿದರೆ ಯಂತ್ರ ಎದ್ದರೂ ಯಾವುದರಿಂದ ಎದ್ದಿತೆಂದು ಗೊತ್ತಾಗುವುದಿಲ್ಲ.

ಹೆಸರೇ ಇಲ್ಲದಿದ್ದರೆ ಪ್ಲಗ್ ಕಿತ್ತು ಪೆಟ್ಟಿಗೆ ತೆರೆಯಬೇಕು. ಸಾಟಾ ಡಿಸ್ಕಿಗೆ ಎರಡು ಕೇಬಲ್: ದತ್ತಾಂಶಕ್ಕೆ 7 ಪಿನ್ನಿನದು, ವಿದ್ಯುತ್ತಿಗೆ 15 ಪಿನ್ನಿನದು. ಎರಡನ್ನೂ ಬಿಡಿಸಿ ಮತ್ತೆ ಜೋಡಿಸಿ. ಬೇರೆ ಕೇಬಲ್, ಬೇರೆ ಪೋರ್ಟ್ ಪ್ರಯತ್ನಿಸಿ. ಎಂ.2 ಎಸ್‌ಎಸ್‌ಡಿ ಆದರೆ ಬೋರ್ಡಿನ ಕೈಪಿಡಿ ನೋಡಲೇಬೇಕು. ಕೆಲವು ಎಂ.2 ಕಿಂಡಿಗಳು ಸಾಟಾ ಬಗೆಯನ್ನು, ಕೆಲವು ಎನ್‌ವಿಎಂಇ ಬಗೆಯನ್ನು ಮಾತ್ರ ಒಪ್ಪುತ್ತವೆ. ಎಷ್ಟೋ ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ತಾವಾಗಿಯೇ ಬಂದ್ ಆಗುತ್ತವೆ. ಡಿಸ್ಕ್ ಟಕ್‌ ಟಕ್ ಎಂದು ಒಂದೇ ಸಮನೆ ಸದ್ದು ಮಾಡುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಬೇಡಿ. ಅದು ನಿಜಕ್ಕೂ ಕೆಟ್ಟ ಲಕ್ಷಣ.

ಹೊಸ ಎಸ್‌ಎಸ್‌ಡಿ ಹಾಕಿಸಿದವರಿಗೆ ಇನ್ನೊಂದು ಕಾಟವಿದೆ. ಹಳೆಯ ಹಾರ್ಡ್‌ಡಿಸ್ಕ್ ಜೋಡಿಸಿಟ್ಟೇ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದರೆ, ಆರಂಭದ ಕಡತಗಳು ಹಳೆಯ ಡಿಸ್ಕಿನಲ್ಲೇ ಉಳಿಯಬಹುದು. ಮುಂದೊಂದು ದಿನ ಹಳೆಯದು ಕೆಟ್ಟರೆ ಅಥವಾ ತೆಗೆದರೆ, ಹೊಸ ಎಸ್‌ಎಸ್‌ಡಿಯಿಂದಲೂ ಯಂತ್ರ ಏಳುವುದಿಲ್ಲ. ವಿಂಡೋಸ್ ಹಾಕುವಾಗ ಉಳಿದ ಡಿಸ್ಕುಗಳ ಕೇಬಲ್ ಬಿಡಿಸಿಡುವುದೇ ಇದಕ್ಕೆ ಮದ್ದು.

ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟು ಹೋಗಿ ಆರಂಭದ ಕಡತವೇ ಕೆಟ್ಟಿದ್ದರೂ ದತ್ತಾಂಶ ಹೋಗಿರಬೇಕೆಂದಿಲ್ಲ. ಉಬುಂಟು ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಮೊದಲು ಬೇಕಾದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ವಿಂಡೋಸಿನ ‘ಸ್ಟಾರ್ಟಪ್ ರಿಪೇರ್’ ಅದರ ನಂತರ. ಫಾರ್ಮ್ಯಾಟ್ ಎಲ್ಲಕ್ಕಿಂತ ಕೊನೆಗೆ.

ಸೆಲ್ ಉಳಿಸಲೆಂದು ಗುಡುಗಿನಲ್ಲಿ ಪ್ಲಗ್ ಹಾಕಿಡುವ ಹುಚ್ಚು ಬೇಡ. ಸಿಡಿಲು ಬಡಿದರೆ ಹೋಗುವುದು ಇಡೀ ಬೋರ್ಡು, ಸೆಲ್ಲಿಗಾದರೆ ನೂರು ರೂಪಾಯಿಯೂ ಇಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಸಿದ್ಧತೆಯ ಹೊತ್ತಿಗೆ ಸೆಲ್ಲಿಗೆ ಮಲ್ಟಿಮೀಟರ್ ಹಿಡಿದು ನೋಡಿ, 2.5 ವೋಲ್ಟಿಗಿಂತ ಇಳಿದಿದ್ದರೆ ಬದಲಿಸಿ. ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ ಸೆಟ್ಟಿಂಗ್ ಪುಟಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಡಿ. ಕೊನೆಗೂ ಪೆಟ್ಟಿಗೆ ಹೊತ್ತು ಸಿರಸಿಗೋ ಹುಬ್ಬಳ್ಳಿಗೋ ಹೋಗಬೇಕಾಗಿ ಬಂದರೆ ಆ ಫೋಟೊ ತೋರಿಸಿ, ಬೋರ್ಡಿಗೆ ಡಿಸ್ಕ್ ಕಾಣುತ್ತದೆಯೋ ಇಲ್ಲವೋ ಹೇಳಿ. ರಿಪೇರಿಯವರ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.