ಬೇಸಿಗೆಯ ಕೆಲಸಕ್ಕೆ ಸರಕಾರದ ಸಂಬಳ

ರಜೆಯಲ್ಲಿ ಮಗ ಅಥವಾ ಮಗಳು ನಾಲ್ಕು ಕಾಸು ದುಡಿದರೆ ನಮ್ಮ ಕೆಲವು ಮನೆಗಳಲ್ಲಿ ಅದೇನೋ ಮುಜುಗರ. ಮನೆಯಲ್ಲಿ ಗತಿಯಿಲ್ಲವೇ ಎಂದು ಜನರು ಕೇಳಿಯಾರೆಂಬ ಅಂಜಿಕೆ. ಪ್ರವಾದಿ ಮುಹಮ್ಮದ್(ಸ) ಮಕ್ಕಾದವರ ಕುರಿಗಳನ್ನು ಕೂಲಿಗೆ ಮೇಯಿಸಿದ್ದರೆಂಬುದು ನಮಗೆ ಆಗ ನೆನಪಾಗುವುದಿಲ್ಲ.

ಕೆನಡಾದಲ್ಲಿ ಕಾಲೇಜಿನ ಶುಲ್ಕಕ್ಕಾಗಿ ಬೇಸಿಗೆಯಲ್ಲಿ ದುಡಿಯುವುದು ಸಾಮಾನ್ಯ ಸಂಗತಿ. ಅದಕ್ಕೆ ಸರಕಾರದ ನೆರವೂ ಇದೆ. ‘ಕೆನಡಾ ಸಮ್ಮರ್ ಜಾಬ್ಸ್’ ಎಂಬ ಆ ಯೋಜನೆಯ ಹಣ ವಿದ್ಯಾರ್ಥಿಗೆ ನೇರವಾಗಿ ಸಿಗುವುದಿಲ್ಲ. ಕೆಲಸ ಕೊಡುವವರಿಗೆ ಸಿಗುತ್ತದೆ. ಲಾಭದ ಉದ್ದೇಶವಿಲ್ಲದ ಸೇವಾ ಸಂಸ್ಥೆಯಾದರೆ ಕನಿಷ್ಠ ವೇತನದ ಪೂರ್ತಿ ಮೊತ್ತದವರೆಗೆ, ಐವತ್ತು ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಖಾಸಗಿಯವರಿಗೆ ಅರ್ಧದವರೆಗೆ. ಮಸೀದಿಯ ಸಮಿತಿಗಳು ಕೂಡ ಮಕ್ಕಳ ಬೇಸಿಗೆ ಶಿಬಿರದಂತಹ ಕೆಲಸಗಳಿಗೆ ಅರ್ಜಿ ಹಾಕಬಹುದು. ಮೊದಲು ಇದು ವಿದ್ಯಾರ್ಥಿಗಳಿಗೆ ಮಾತ್ರವಿತ್ತು. 2019ರಿಂದ 15ರಿಂದ 30 ವರ್ಷದ ಎಲ್ಲ ಯುವಜನರಿಗೂ ತೆರೆಯಿತು.

ಆದರೆ ಕೂಲಿ ಏರಿದಾಗ ಈ ಹಣ ಎಷ್ಟು ಮಂದಿಗೆ ಸಾಕಾಗುತ್ತದೆ? ಅಡುಗೆಮನೆಯ ಖರ್ಚು ನೋಡಿಕೊಳ್ಳುವ ಸಹೋದರಿಯರಿಗೆ ಈ ಲೆಕ್ಕ ಕಷ್ಟವಲ್ಲ. ಒಂಟಾರಿಯೋ ಪ್ರಾಂತದಲ್ಲಿ ಕನಿಷ್ಠ ವೇತನ 2017ರ ಕೊನೆಯಲ್ಲಿ ಗಂಟೆಗೆ 11.60 ಡಾಲರ್ ಇತ್ತು. 2018ರ ಜನವರಿ 1ರಂದು ಒಮ್ಮೆಲೇ 14 ಡಾಲರ್ ಆಯಿತು. ವಾರಕ್ಕೆ 35 ಗಂಟೆಯಂತೆ ಎಂಟು ವಾರ ದುಡಿಯುವ ಹತ್ತು ಮಕ್ಕಳಿಗೆ ಹಳೆಯ ದರದಲ್ಲಿ 32,480 ಡಾಲರ್ ಬೇಕು. ಅದೇ ಹಣದಲ್ಲಿ ಹೊಸ ದರ ಕೊಟ್ಟರೆ ಎಂಟೇ ಮಂದಿ. 2025ರ ಅಕ್ಟೋಬರ್‌ನಲ್ಲಿ ದರ 17.60 ಡಾಲರ್ ಆಯಿತು. ಆಗ ಆರೇ ಮಂದಿ. ಇಲ್ಲವೇ ಎಲ್ಲರನ್ನೂ ಇಟ್ಟುಕೊಂಡು ವಾರಗಳನ್ನು ಕಡಿತಗೊಳಿಸಬೇಕು.

ಹಾಗೆಂದು ಕೂಲಿ ಏರಿಸಿದ್ದೇ ತಪ್ಪು ಎನ್ನುವವರೊಂದಿಗೆ ನನ್ನ ಸಹಮತವಿಲ್ಲ. ಬಾಡಿಗೆ, ಹಾಲು, ಬಸ್ಸಿನ ದರ ಏರಿದಾಗ ದುಡಿಯುವವನ ಕೂಲಿ ಮಾತ್ರ ಇದ್ದಲ್ಲೇ ಇರಬೇಕೆನ್ನುವುದು ಯಾವ ನ್ಯಾಯ? ಕೂಲಿ ಏರಿಸುವುದು ಪ್ರಾಂತದ ಸರಕಾರ, ನೆರವು ಕೊಡುವುದು ಕೇಂದ್ರ ಸರಕಾರ. ಒಬ್ಬರು ಏರಿಸಿದಾಗ ಇನ್ನೊಬ್ಬರು ಕೈ ಬಿಗಿಹಿಡಿದರೆ ಹೊಡೆತ ಬೀಳುವುದು ಆ ಏಳನೆಯ, ಎಂಟನೆಯ ಮಗುವಿಗೆ. 2025ರ ಜುಲೈಯಲ್ಲಿ ಕೆನಡಾದ ಯುವಜನರ ನಿರುದ್ಯೋಗ ಶೇ. 14.6ಕ್ಕೆ ಮುಟ್ಟಿತ್ತು. ಆ ವರ್ಷದ ಬಜೆಟ್‌ನಲ್ಲಿ 2026ರ ಬೇಸಿಗೆಗೆ ಒಂದು ಲಕ್ಷ ಕೆಲಸಗಳಿಗೆ ಹಣ ಒದಗಿಸುವುದಾಗಿ ಸರಕಾರ ಹೇಳಿತು.

ಮಕ್ಕಳನ್ನು ಓದಲು ಅಲ್ಲಿಗೆ ಕಳುಹಿಸುವ ಇಲ್ಲಿನ ತಾಯಂದಿರು ಒಂದು ವಿಷಯ ತಿಳಿದಿರಬೇಕು. ಈ ಯೋಜನೆ ಅಲ್ಲಿನ ಪೌರರು, ಖಾಯಂ ನಿವಾಸಿಗಳು ಮತ್ತು ಆಶ್ರಯ ಪಡೆದ ನಿರಾಶ್ರಿತರಿಗೆ ಮಾತ್ರ. ವಿದ್ಯಾರ್ಥಿ ಪರವಾನಿಗೆಯಲ್ಲಿ ಹೋದವರಿಗೆ ಇದರಲ್ಲಿ ಅವಕಾಶವಿಲ್ಲ. ಅವರು ಬೇಸಿಗೆ ರಜೆಯಲ್ಲಿ ಬೇರೆ ಕೆಲಸ ಹುಡುಕಿಕೊಳ್ಳಬಹುದು. ತರಗತಿಗಳು ನಡೆಯುವಾಗ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ ಎಂಬ ಮಿತಿಯನ್ನು 2024ರ ನವೆಂಬರ್‌ನಲ್ಲಿ ತರಲಾಗಿದೆ. ಸಾಲ ಮಾಡಿ ಮಗನನ್ನು ವಿಮಾನ ಹತ್ತಿಸುವ ಮೊದಲು ಏಜೆಂಟ್ ಬರೆದುಕೊಡುವ ಆದಾಯದ ಪಟ್ಟಿಯಲ್ಲಿ ಈ ‘ಸರಕಾರಿ ಬೇಸಿಗೆ ಕೆಲಸ’ ಸೇರಿದೆಯೇ ಎಂದು ನೋಡಿ. ಸೇರಿದ್ದರೆ ಅದನ್ನು ಹೊಡೆದುಹಾಕಿ ಲೆಕ್ಕ ಮತ್ತೆ ಕೂಡಿಸಿ.