ಮನೆತನದ ಚರಿತ್ರೆ

ಮುತ್ತಾತನ ತಂದೆಯ ಹೆಸರನ್ನು ತಡವರಿಸದೆ ಹೇಳಬಲ್ಲ ಗೃಹಸ್ಥರು ನಮ್ಮಲ್ಲಿ ಎಷ್ಟು ಮಂದಿ? ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡಿದ ನಾವು ಸ್ವಂತ ಮನೆಯ ಮೂರು ತಲೆಗಳಾಚೆಗೆ ಏನನ್ನೂ ಅರಿಯೆವು.

ಈ ಕೊರತೆಯನ್ನು ನೀಗಲು ಭರಮಸಾಗರದವರಿಗೆ ಸಾಧನಗಳಿಲ್ಲದಿಲ್ಲ. ಊರಿನ ಹೆಸರೇ ಮೊದಲನೆಯ ಪಾಠ. 1689ರಿಂದ 1721ರವರೆಗೆ ಚಿತ್ರದುರ್ಗವನ್ನಾಳಿದ ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರನ್ನು ಈ ಊರೂ ಇಲ್ಲಿಯ ಹಿರಿಯ ಕೆರೆಯೂ ಹೊತ್ತಿರುವುವು. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ ತಾಲ್ಲೂಕುವಾರಾಗಿ ಸಂಗ್ರಹಿಸಿರುವರು, ಪೂರ್ವಿಕರ ಗ್ರಾಮದ ಹೆಸರನ್ನು ಅದರಲ್ಲಿ ಹುಡುಕಬಹುದು. ತಾಲ್ಲೂಕು ಕಚೇರಿಯ ಹಳೆಯ ಭೂದಾಖಲೆಗಳಿಂದ ಹೊಲವು ಕೈಯಿಂದ ಕೈಗೆ ಬಂದ ಬಗೆ ತಿಳಿಯುವುದು.

ಇವುಗಳಿಗಿಂತ ಸಮೀಪದ ಗುರುಗಳು ಹೆಳವರು. ಸುಗ್ಗಿಯ ತರುವಾಯ ಎತ್ತನ್ನೇರಿ ಒಕ್ಕಲ ಮನೆಗೆ ಬಂದು, ಮೂಲಪುರುಷನಿಂದ ಮೊದಲುಮಾಡಿ ಪೀಳಿಗೆಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವುದು ಅವರ ಕುಲವೃತ್ತಿ. ಈಗ ಅವರ ಮಕ್ಕಳು ಅನೇಕರು ಬೇರೆ ಉದ್ಯೋಗ ಹಿಡಿದಿರುವರು. ಆದುದರಿಂದ ಮನೆಗೆ ಬಂದ ಹೆಳವರನ್ನು ಬರಿದೆ ಕಳುಹಿಸದೆ, ಕೂಡಿಸಿ ಕೇಳಿ ಬರೆದಿಡಬೇಕು.

ಇನ್ನೊಂದು ಮಾತು. ಭೂದಾಖಲೆಗಳಲ್ಲಿ ಗಂಡಸರ ಹೆಸರೇ ಹೆಚ್ಚು. ಅಜ್ಜಿಯ ತವರು ಯಾವುದು, ಬರಗಾಲದಲ್ಲಿ ಆಕೆ ಒಲೆ ಹೊತ್ತಿಸಿದುದು ಹೇಗೆ, ಬಾಳದೆ ಹೋದ ಕೂಸುಗಳೆಷ್ಟು ಎಂಬುದು ಯಾವ ಕಚೇರಿಯಲ್ಲಿಯೂ ದೊರೆಯದು. ಅದನ್ನು ಬಲ್ಲವಳು ಅಜ್ಜಿಯೊಬ್ಬಳೇ. ಭಾನುವಾರದ ಸಂಜೆ ಮಕ್ಕಳ ಕೈಗೆ ಒಂದು ನೋಟುಪುಸ್ತಕವನ್ನು ಕೊಟ್ಟು ಆಕೆಯ ಬಳಿ ಕುಳ್ಳಿರಿಸಿರಿ. ಶಾಸನದ ಕಲ್ಲು ಇನ್ನೂ ನೂರು ವರ್ಷ ಕಾದೀತು. ಅಜ್ಜಿಯ ನೆನಪು ಕಾಯಲಾರದು.