‘ಜಸ್ಟೀಸ್ ಲೀಗ್’: 2 ಗಂಟೆಯಲ್ಲಿ ತಟ್ಟದ ಕತೆ 4 ಗಂಟೆಯಲ್ಲಿ ತಟ್ಟಿದ್ದು ಹೇಗೆ?

ಸಿನಿಮಾ ಉದ್ದ ಆದ್ರೆ ಬೋರ್, ಕತ್ತರಿ ಹಾಕಿದ್ರೆ ಸ್ಪೀಡ್ ಅನ್ನೋ ಲೆಕ್ಕ ಇದೆ. ಸೂಪರ್‌ಹೀರೋ ಸಿನಿಮಾದಲ್ಲಿ ಈ ಲೆಕ್ಕ ಕೈಕೊಟ್ಟಿದ್ದಕ್ಕೆ ‘ಜಸ್ಟೀಸ್ ಲೀಗ್’ ಒಳ್ಳೇ ಉದಾಹರಣೆ.

2017ರಲ್ಲಿ ತೆರೆಕಂಡ ಚಿತ್ರದ ಅವಧಿ 2 ಗಂಟೆ. ಮಗಳ ಸಾವಿನಿಂದ ನಿರ್ದೇಶಕ ಝಾಕ್ ಸ್ನೈಡರ್ ಹಿಂದೆ ಸರಿದಾಗ, ಜಾಸ್ ವೇಡನ್ ಹೊಸ ದೃಶ್ಯ ಸೇರಿಸಿ, ಹಳೆಯದನ್ನು ಕತ್ತರಿಸಿ ಮುಗಿಸಿದ್ದರು. 2021ರಲ್ಲಿ ಸ್ನೈಡರ್ ಅವರದೇ ಆವೃತ್ತಿ ಬಂತು. ಅವಧಿ 4 ಗಂಟೆ 2 ನಿಮಿಷ!

ಕತೆ ಹೆಚ್ಚುಕಮ್ಮಿ ಅದೇ. ಮೂರು ಮಾಯಾಪೆಟ್ಟಿಗೆಗಳಿಗಾಗಿ ಖಳ ಬರ್ತಾನೆ, ಬ್ಯಾಟ್‌ಮ್ಯಾನ್ ತಂಡ ಕಟ್ತಾನೆ. ದೊಡ್ಡ ವ್ಯತ್ಯಾಸ ಸೈಬೋರ್ಗ್ ಪಾತ್ರದ್ದು. ಮೊದಲ ಆವೃತ್ತಿಯಲ್ಲಿ ಅವನು ಅರ್ಧ ಯಂತ್ರದ ಹುಡುಗ, ಅಷ್ಟೇ. ಎರಡನೆಯದರಲ್ಲಿ ಅವನ ಫುಟ್‌ಬಾಲ್, ತಾಯಿಯನ್ನು ಬಲಿ ಪಡೆದ ಅಪಘಾತ, ಮ್ಯಾಚ್ ನೋಡಲು ಬಾರದ ಅಪ್ಪನ ಮೇಲಿನ ಸಿಟ್ಟು ಎಲ್ಲಕ್ಕೂ ಜಾಗ ಸಿಕ್ಕಿದೆ. ಆ ಅಪ್ಪನೇ ಮುಂದೆ, ಪೆಟ್ಟಿಗೆಯ ಜಾಡು ಸಿಗಲಿ ಅಂತ ಮಗನ ಕಣ್ಣೆದುರೇ ಪ್ರಾಣ ಬಿಡ್ತಾನೆ. 2017ರ ಚಿತ್ರದಲ್ಲಿ ಈ ಸಾವೇ ಇಲ್ಲ. ಹಾಗಾಗಿ ಕ್ಲೈಮ್ಯಾಕ್ಸ್‌ನಲ್ಲಿ ಪೆಟ್ಟಿಗೆಗಳು ಅಪ್ಪ-ಅಮ್ಮನ ರೂಪ ತೋರಿಸಿ ಅವನನ್ನು ಸೆಳೆಯುವಾಗ ನೋಡೋರ ಹೊಟ್ಟೆಯಲ್ಲೂ ಸಂಕಟ. ಹೊಡೆದಾಟಕ್ಕೆ ವೇಗ ಬಂದಿದ್ದೇ ಇಲ್ಲಿಂದ.

ಹಾಗಂತ 4 ಗಂಟೆ ಪೂರ್ತಿ ಬೇಕಿತ್ತು ಅಂತಲ್ಲ. ಸ್ಲೋ ಮೋಷನ್ ಅತಿಯಾಯ್ತು. ಯುದ್ಧ ಮುಗಿದ ಮೇಲೂ ಸಿನಿಮಾ ಮುಗಿಯಲ್ಲ. ಆರು ಅಧ್ಯಾಯ ಮಾಡಿರೋದ್ರಿಂದ ಮನೇಲಿ ಕಂತು ಕಂತಾಗಿ ನೋಡಬಹುದು ಅನ್ನೋದೊಂದೇ ಸಮಾಧಾನ.